ಮಲ್‌ಸುನ್ ಚಿಕ್ಕಮ್ಮನ ಅದಲುಬದಲಾದ ಸಾರು

ಗುನ್ಸಾನ್ ಬಂದರಿನ ಗೋದಾಮಿನ ಹಿಂದೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಡುಗೆ ಲಾರಿಯ ಪಕ್ಕ ಎರಡು ಹಂಡೆ ಕುದಿಯುತ್ತಿವೆ. ಒಂದರಲ್ಲಿ ಚಿತ್ರತಂಡದ ಎಪ್ಪತ್ತು ಜನಕ್ಕೆ ಖಾರದ ಕೆಂಪು ಸಾರು, ಇನ್ನೊಂದರಲ್ಲಿ ಇವತ್ತು ಚಿತ್ರೀಕರಿಸುವ ತಿಥಿಯ ಎಡೆಗೆ ತಿಳಿಸಾರು. ಎಡೆಗೆ ಮೆಣಸಿನಪುಡಿ ಸೋಕುವಂತಿಲ್ಲ. ಕೆಂಪು ಕಂಡರೆ ಸತ್ತವರು ಹೊಸ್ತಿಲಿಂದಲೇ ವಾಪಸಾಗುತ್ತಾರೆ. ಅಡುಗೆಯ ಪ್ಯೋ ಮಲ್‌ಸುನ್‌ಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಕೆಂಪು ಸಾರು ಎಡೆಗೆ ಹೋಗಿದೆ, ತಿಳಿಸಾರು ಲೈಟಿನವರ ಬಟ್ಟಲಿಗೆ.

"ಚಿಕ್ಕಮ್ಮಾ, ಇದೇನು ಆಸ್ಪತ್ರೆ ಊಟಾನಾ?" ಅನ್ನುತ್ತಾನೆ ಲೈಟಿನವನೊಬ್ಬ.

"ನಿನ್ನ ಮುಖಕ್ಕೆ ಅದೇ ಸರಿ, ಕುಡಿ," ಅನ್ನುತ್ತ ಆಕೆ ಎಡೆಯ ಬಟ್ಟಲು ತರಲು ಓಡುತ್ತಾರೆ.

ಚಿತ್ರ ಮಗನನ್ನು ಕಳೆದುಕೊಂಡ ತಾಯಿಯದು. ಕೊಂದವನು ಬಾಗಿಲಿಗೆ ಬಂದು ಮಂಡಿಯೂರುತ್ತಾನೆ. ನಮ್ಮ ಗಂಭೀರ ಚಿತ್ರಗಳಲ್ಲಿ ಯಾರಾದರೊಬ್ಬರು ಮಂಡಿಯೂರಲೇಬೇಕು. ಊರಿದವರಿಗೂ ಹೊತ್ತಿಗೆ ಸರಿಯಾಗಿ ಊಟ ಬೇಕು.

ಮಲ್‌ಸುನ್‌ಗೆ ಅರವತ್ತೆಂಟು. ಒಂಬತ್ತು ವರ್ಷದ ಹಿಂದೆ, ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದ ಗಂಡನಿಗೆ ಮೀನಿನ ಲಾರಿ ಗುದ್ದಿತು. ಅಂದಿನಿಂದ ಈ ಅಡುಗೆಯೇ ಜೀವನ. ಲಾರಿ ಓಡಿಸುತ್ತಿದ್ದ ಮ್ಯೋಂಗ್ ಜೈಲು ಮುಗಿಸಿ ಬಂದು ಬಹಳ ಕಾಲವಾಗಿದೆ. ನಿನ್ನೆ ಅವನು ಫೋನ್ ಮಾಡಿದ್ದಾನೆ: ನಾಳಿದ್ದು ಯಜಮಾನರ ತಿಥಿ, ಬಂದು ಅಡ್ಡಬೀಳಲೇ?

ಚಿತ್ರೀಕರಣದ ಬಗ್ಗೆ ಬರೆಯಲು ಬಂದಿರುವ ನಾನು, ನೀವೇನಂದಿರಿ ಎಂದು ಕೇಳುತ್ತೇನೆ.

"ಪರವಾಗಿಲ್ಲ ಅಂದೆ."

"ಬನ್ನಿ ಅಂತಲೋ, ಬೇಡ ಅಂತಲೋ?"

"ಅವನೂ ಅದನ್ನೇ ಕೇಳ್ದ. ಫೋನ್ ಇಟ್ಬಿಟ್ಟೆ. ನಂಗೇ ಗೊತ್ತಿಲ್ಲ, ಅವನಿಗೇನು ಹೇಳ್ಲಿ?"

ಮಧ್ಯಾಹ್ನ ಮಲ್‌ಸುನ್ ಸೌಟು ಹಿಡಿದುಕೊಂಡೇ ಚಿತ್ರೀಕರಣ ನೋಡುತ್ತಾರೆ. ಚಿತ್ರದ ತಾಯಿ ಕೊಂದವನ ಮುಖದ ಮೇಲೆ ಬಾಗಿಲು ಹಾಕುತ್ತಾಳೆ. ಎಲ್ಲರ ಕಣ್ಣಲ್ಲಿ ನೀರು. ಅದೇ ದೃಶ್ಯದ ಮುಂದಿನ ಟೇಕ್‌ನಲ್ಲಿ ಅವನ ಕೈಹಿಡಿದು ಒಳಗೆ ಕರೆಯುತ್ತಾಳೆ. ಆಗಲೂ ನೀರು.

"ಡೈರೆಕ್ಟ್ರೇ, ಇದ್ರಲ್ಲಿ ಯಾವ್ದು ಸರಿ?"

ನಿರ್ದೇಶಕ ಯಾಂಗ್ ತಲೆ ಕೆರೆದುಕೊಳ್ಳುತ್ತಾರೆ. "ಎರಡೂ ಇರ್ಲಿ ಚಿಕ್ಕಮ್ಮ. ಎಡಿಟಿಂಗಲ್ಲಿ ನೋಡೋಣ."

"ನಿಮ್ಗೇನಪ್ಪ, ಎರಡನ್ನೂ ಇಟ್ಕೋಬಹುದು. ನಂಗೆ ನಾಳೇನೇ ತಿಥಿ."

ಪಾತ್ರೆ ತೊಳೆದ ಮೇಲೆ ಕೈ ಒರೆಸಿಕೊಂಡು ಮ್ಯೋಂಗ್‌ಗೆ ತಾವೇ ಫೋನ್ ಮಾಡುತ್ತಾರೆ. ಧ್ವನಿಯಲ್ಲಿ ಮುನಿಸಿಲ್ಲ, ಅಕ್ಕರೆಯೂ ಇಲ್ಲ.

"ಬನ್ನಿ. ಎಲ್ಲರ ಹಿಂದೆ ನಿಂತ್ಕೊಂಡು ಅಡ್ಡಬೀಳಿ. ಊಟ ಮಾಡ್ಕೊಂಡು ಹೋಗಿ. ಕ್ಷಮಿಸಿದ್ದೀರಾ ಅಂತ ಮಾತ್ರ ಕೇಳ್ಬೇಡಿ. ಕೇಳಿದ್ರೆ ನಾನು ಯೋಚ್ನೆ ಮಾಡ್ಬೇಕಾಗುತ್ತೆ."