ಅಪ್ಪ ಬಲಗಡೆಯಿಂದ ಬರೆದ ದಿನ

ನಾನು ಚಿಕ್ಕವನಿದ್ದಾಗ ನಮ್ಮ ಅಪ್ಪನಿಗೆ ಬಾರದ್ದು ಏನಾದರೂ ಇರಬಹುದು ಎಂದು ನನಗೆ ಅನ್ನಿಸಿಯೇ ಇರಲಿಲ್ಲ. ನಮ್ಮದು ಆಳಂದ ತಾಲೂಕಿನಲ್ಲಿ ಹಿರೋಳ್ಳಿ ಕಡೆಯ ಒಂದು ಸಣ್ಣ ಊರು. ಸುತ್ತಲೂ ಎರೆಮಣ್ಣು, ತೊಗರಿ, ಜೋಳ. ಆ ಊರಿಗೆಲ್ಲ ಓದಿದವನೆಂದರೆ ಅಪ್ಪ. ಹೈದರಾಬಾದಿನಿಂದ ಬರುತ್ತಿದ್ದ ಪೇಪರನ್ನು ಕಟ್ಟೆಯ ಮೇಲೆ ಕೂತು ಹರಡಿಕೊಂಡು, ಅದರೊಳಗಿನ ಸುದ್ದಿಯನ್ನೆಲ್ಲ ನಮ್ಮ ಮಾತಿನಲ್ಲಿ ಹೇಳುತ್ತಿದ್ದ. ತಹಸೀಲು ಕಚೇರಿಯ ಹಳೆ ಕಾಗದ ಹಿಡಿದುಕೊಂಡು ಯಾರು ಬಂದರೂ ಓದಿ ತಿಳಿಸಿ ಕಳಿಸುತ್ತಿದ್ದ. ಜೋಳ ಅಳೆಯುವಾಗ ಕಾಲು, ಅರೆ, ಮುಕ್ಕಾಲಿನ ಲೆಕ್ಕವೆಲ್ಲ ಬಾಯಲ್ಲೇ. ನಾನಂತೂ ಊರಲ್ಲಿ ಎದೆಯುಬ್ಬಿಸಿಕೊಂಡು ತಿರುಗುತ್ತಿದ್ದೆ. ಆಗ ನಾನಿನ್ನೂ ಮೂರನೇ ಇಯತ್ತೆ, ಆದರೆ ಡೌಲು ಮಾತ್ರ ಮಾಸ್ತರನದು.

ಆ ವರ್ಷ ಮಳೆ ಜೋರಾಯಿತು. ನಮ್ಮೂರ ಸಾಲಿ ಮೇಲೆ ಮಣ್ಣು ಹೊದಿಸಿದ ಒಂದು ಹಳೆಯ ಮಾಳಿಗೆ ಮನೆಯಲ್ಲಿ ನಡೆಯುತ್ತಿತ್ತು. ಮೇಲುಮಣ್ಣು ನೆನೆದು ನೆನೆದು ಒಂದು ರಾತ್ರಿ ಮಾಳಿಗೆ ಕುಸಿದು ಬಿತ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಇದ್ದ ಒಬ್ಬ ಮಾಸ್ತರಿಗೆ ಅದೇ ಹೊತ್ತಿಗೆ ಬೇರೆ ಊರಿಗೆ ವರ್ಗವಾಯಿತು. ನಮಗೆ ಹಬ್ಬವೋ ಹಬ್ಬ. ಹಳ್ಳದಲ್ಲಿ ಈಜುವುದು, ತೊಗರಿ ಹೊಲದಲ್ಲಿ ಓಡುವುದು, ಮೈತುಂಬ ಮಣ್ಣು ಮಾಡಿಕೊಂಡು ಬಂದು ಅವ್ವನ ಕೈಲಿ ಬೈಸಿಕೊಳ್ಳುವುದು.

ನಮ್ಮ ಖುಷಿ ದೊಡ್ಡವರ ಕಣ್ಣಿಗೆ ಬಿತ್ತು. ಒಂದು ದಿನ ಓಣಿಯ ಹಿರಿಯರೆಲ್ಲ ನಮ್ಮ ಮನೆಗೆ ಬಂದರು. ಅವರಿಗೆಲ್ಲ ಮುಂದಾಳು ಮೂಲೆಮನೆ ಕಾಕಾ. ಓದು ಬಾರದಿದ್ದರೂ ಓಣಿಯಲ್ಲಿ ಅವನ ಮಾತು ನಡೆಯುತ್ತಿತ್ತು.

"ಹೊಸ ಮಾಸ್ತರ ಬರೋತನಕ ಹುಡುಗರು ಹಾಳಾಗಿ ಹೋಗ್ತಾವು. ನಿಮ್ಮ ಪಡಸಾಲ್ಯಾಗ ಸಾಲಿ ನಡಸೋಣ. ಊಟ ಒಂದೊಂದು ದಿನ ಒಂದೊಂದು ಮನಿಯವ್ರು ನೋಡ್ಕೋತೇವಿ. ನೀವು ಬರವಣಿಗಿ, ವ್ಯಾಕರಣ, ಲೆಕ್ಕ ಕಲಸ್ರಿ. ನಿಮ್ಮನ್ನ ಬಿಟ್ರ ಊರಾಗ ಯಾರದಾರ?" ಎಂದ.

ಅಪ್ಪ ಸ್ವಲ್ಪ ಹೊತ್ತು ರುಮಾಲು ಸರಿಮಾಡಿಕೊಂಡ. ಆಮೇಲೆ "ಹೂಂ, ಆಗ್ಲಿ" ಎಂದ. ಬರುವ ಸೋಮವಾರ ಶುರು ಎಂದಾಯಿತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾಸ್ತರನ ಮಗ ಎನ್ನಿಸಿಕೊಳ್ಳುವುದೆಂದರೆ ಏನು ಸಾಮಾನ್ಯವೇ!

ಮರುದಿನ ಅಪ್ಪ ನನ್ನೊಬ್ಬನನ್ನೇ ಹಳ್ಳಕ್ಕೆ ಕರೆದುಕೊಂಡು ಹೋದ. ಮಳೆ ನಿಂತು ಉಸುಕು ಗಟ್ಟಿಯಾಗಿತ್ತು, ಹಸಿವಾಸನೆ ಬರುತ್ತಿತ್ತು. ಒಂದು ತೊಗರಿಕಟ್ಟಿಗೆ ನನ್ನ ಕೈಗೆ ಕೊಟ್ಟು, "ಮಾಸ್ತರ ನಿನಗ ಏನೇನು ಕಲಿಸ್ಯಾರ, ನೋಡ್ತೇನಿ. ಬರಿ" ಎಂದ. ಪರೀಕ್ಷೆ ಎಂದುಕೊಂಡು ನಾನು ಅ ಆ ಇ ಈಯಿಂದ ಹಿಡಿದು ಕಾಗುಣಿತದವರೆಗೆ ಉಸುಕಿನ ತುಂಬ ಬರೆದೆ. ಅಪ್ಪ ಹೇಳಿದ್ದನ್ನು ಮತ್ತೆ ಬರೆದೆ. ಭೇಷ್ ಎನ್ನುತ್ತಾನೆ ಎಂದು ತಿರುಗಿ ನೋಡಿದರೆ, ಅಪ್ಪ ಕೂತುಕೊಂಡು ನನ್ನ ಅಕ್ಷರಗಳ ಮೇಲೆಯೇ ಬೆರಳಾಡಿಸುತ್ತಿದ್ದ. ಬಾಯೊಳಗೆ ಏನೋ ಹೇಳಿಕೊಳ್ಳುತ್ತಿದ್ದ. ಅಷ್ಟರಲ್ಲಿ ಎಮ್ಮೆ ಹೊಡೆದುಕೊಂಡು ಯಾರೋ ಬರುವುದು ಕಾಣಿಸಿತು. ಅಪ್ಪ ಗಡಬಡಿಸಿ ಎದ್ದು, ಬರೆದದ್ದನ್ನೆಲ್ಲ ಕಾಲಿನಿಂದ ಅಳಿಸಿಬಿಟ್ಟ. ಆಗ ನನಗೆ ತಿಳಿಯಿತು, ಪರೀಕ್ಷೆ ನನ್ನದಾಗಿರಲಿಲ್ಲ.

ಮಕ್ಕಳೇ, ನಿಮಗೆ ಇದು ಸೋಜಿಗ ಅನ್ನಿಸಬಹುದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಅಪ್ಪ ಹುಡುಗನಾಗಿದ್ದಾಗ ನಮ್ಮ ಸೀಮೆಯನ್ನು ಆಳುತ್ತಿದ್ದವನು ನಿಜಾಮ. ಆಗಿನ ಸಾಲಿಯಲ್ಲಿ ಓದು, ಬರಹ, ಲೆಕ್ಕ ಎಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಮಾತಾಡಿ, ಸಾಲಿಯಲ್ಲಿ ಉರ್ದು ಬರೆದು ಬೆಳೆದವನು ಅಪ್ಪ. ಕಟ್ಟೆಯ ಮೇಲೆ ಓದುತ್ತಿದ್ದುದು ಉರ್ದು ಪೇಪರು, ಹೇಳುತ್ತಿದ್ದುದು ಕನ್ನಡದಲ್ಲಿ. ಕೇಳುವವರಿಗೆ ಓದು ಬಾರದು. ಅಕ್ಷರ ಬಂದವನಿಗೆ ಎಲ್ಲ ಅಕ್ಷರವೂ ಬರುತ್ತದೆ ಎಂದು ಅವರ ನಂಬಿಕೆ. ಹಾಗಲ್ಲ ಎಂದು ಅಪ್ಪ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ನಾನೂ ಮನೆಗೆ ಬಂದು ಬಾಯಿಬಿಡಲಿಲ್ಲ. ನೋಡಬಾರದ್ದನ್ನು ನೋಡಿದ ಹಾಗೆ ನಾಚಿಕೆಯಾಗುತ್ತಿತ್ತು. ಅವತ್ತು ಅಪ್ಪನ ಪಕ್ಕ ಊಟಕ್ಕೂ ಕೂರಲಿಲ್ಲ.

ಸೋಮವಾರ ಬಂತು. ಅವ್ವ ಬೆಳಕು ಹರಿಯುವ ಮುಂಚೆಯೇ ಪಡಸಾಲೆಯ ಫರಸಿಕಲ್ಲು ತೊಳೆದಿದ್ದಳು. ಹಳೆಯ ಬಾಗಿಲೊಂದಕ್ಕೆ ಇದ್ದಿಲು ಅರೆದು ಬಳಿದು ಬೋರ್ಡು ಮಾಡಿ ಗೋಡೆಗೆ ಆನಿಸಿದ್ದರು. ಓಣಿಯ ಹುಡುಗರು ಹುಡುಗಿಯರು ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಪಾಟಿ ಹಿಡಿದು ಸಾಲಾಗಿ ಕೂತರು. ಅವರ ಅಪ್ಪಂದಿರೆಲ್ಲ ಹೊಲಕ್ಕೆ ಹೋಗದೆ ಅಂಗಳದಲ್ಲಿ ನಿಂತರು. ಹೆಂಗಸರು ಅಡುಗೆಮನೆ ಬಾಗಿಲ ಹಿಂದೆ. ಅಲ್ಲಿಯೇ ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಕ್ಕನ ಸಂಗತಿ ಈಗಲೇ ಹೇಳಿಬಿಡುತ್ತೇನೆ. ಅವಳು ನಮ್ಮ ಸಾಲಿಯಲ್ಲಿ ಎಲ್ಲರಿಗಿಂತ ಮುಂದಿದ್ದವಳು. ನಾಲ್ಕನೇ ಇಯತ್ತೆ ಮುಗಿದದ್ದೇ ತಡ, "ಹೆಣ್ಣುಹುಡುಗಿಗಿ ಇಷ್ಟ ಸಾಕು" ಎಂದು ಅಪ್ಪ ಬಿಡಿಸಿದ್ದ. ಅಕ್ಕ ಅತ್ತಿರಲಿಲ್ಲ. ತನ್ನ ಪಾಟಿಯನ್ನು ತಂದು ನನ್ನ ಮುಂದಿಟ್ಟು ಒಳಗೆ ಹೋಗಿದ್ದಳು, ಅಷ್ಟೇ.

ಅಪ್ಪ ಹೊಸ ಧೋತರ ಉಟ್ಟು, ಹಣೆಗೆ ವಿಭೂತಿ ಧರಿಸಿ ಬಂದು ನಿಂತ. ಮೊದಲು ಲೆಕ್ಕ. ಏಳು ಕಾಲು ಸೇರು ಕೂಡಿದರೆ ಎಷ್ಟು, ಒಂಬತ್ತು ಮುಕ್ಕಾಲು ಕೂಡಿದರೆ ಎಷ್ಟು ಎಂದು ಕೇಳುತ್ತ ಹೋದ. ನಾವು ಬೆರಳು ಮಡಿಚುವಷ್ಟರಲ್ಲಿ ತಾನೇ ಹೇಳಿ, ಅದು ಹೇಗೆ ಬಂತೆಂದು ಶೇಂಗಾಕಾಳು ಇಟ್ಟು ತೋರಿಸಿದ. ಅಂಗಳದವರು ತಲೆದೂಗಿದರು. ನನಗೂ ಜೀವ ಬಂತು. ಹೀಗೇ ಲೆಕ್ಕದಲ್ಲೇ ಹೊತ್ತು ಹೋಗಲಿ ದೇವರೇ ಎಂದು ಬೇಡಿಕೊಂಡೆ.

ಮೂಲೆಮನೆ ಕಾಕಾನಿಗೆ ಸಂತೋಷ ತಡೆಯಲಿಲ್ಲ. "ಮಾಸ್ತರ, ಈಗ ಬರವಣಿಗಿ ಸುರು ಮಾಡ್ರಿ. ಮೊದಲಿಗಿ ಬಸವಣ್ಣನ ಹೆಸರು ಬರೀರಿ, ಹುಡುಗರಿಗಿ ಚೊಲೋ ಆಗ್ತದ" ಎಂದ.

ಅಪ್ಪ ಖಡು ಎತ್ತಿಕೊಂಡು ಬೋರ್ಡಿನ ಕಡೆ ತಿರುಗಿದ. ಹಳ್ಳದ ಉಸುಕಿನಲ್ಲಿ ಈ ಅಕ್ಷರಗಳನ್ನೆಲ್ಲ ಅವನು ತಿದ್ದಿದ್ದ, ನಾನು ಕಂಡಿದ್ದೆ. ಆದರೆ ಅಷ್ಟು ಕಣ್ಣು ಬೆನ್ನ ಮೇಲಿರುವಾಗ ಕೈ ತನಗೆ ಹುಡುಗತನದಿಂದ ರೂಢಿಯಾದದ್ದನ್ನೇ ಮಾಡಿತು. ಉರ್ದುವನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಅಪ್ಪನ ಕೈ ಬೋರ್ಡಿನ ಬಲತುದಿಗೆ ಹೋಯಿತು. ಅಲ್ಲಿ ದುಂಡಗೆ, ಚೆಂದಾಗಿ ಒಂದು 'ಬ'. ಅದರ ಎಡಕ್ಕೆ 'ಸ'. ಅದರ ಎಡಕ್ಕೆ 'ವ'. ಓದು ಬರುತ್ತಿದ್ದ ಹುಡುಗರು ಎಡಗಡೆಯಿಂದ ಒಟ್ಟಾಗಿ ಓದಿದರು, "ವ... ಸ... ಬ..." ಒಬ್ಬ ಕಿಸಕ್ಕೆಂದ. ಆಮೇಲೆ ಪಡಸಾಲೆಯೆಲ್ಲ ನಗೆ.

"ಯಾಕಲೇ ನಗ್ತೀರಿ? ದೇವರ ಹೆಸರು ಬರದ್ರ ನಗ್ತಾರೇನಲೇ?" ಎಂದು ಕಾಕಾ ಗದರಿದ. ಪಾಪ, ಅವನಿಗೆ ಬೋರ್ಡಿನ ಮೇಲೆ ಏನಿದೆಯೆಂದು ತಿಳಿಯುವುದು ಹೇಗೆ? ಹುಡುಗರೆಲ್ಲ ನನ್ನ ಮುಖ ನೋಡಿದರು. ನಾನು ಫರಸಿಕಲ್ಲು ನೋಡಿದೆ. ಕಿವಿ ಸುಡುತ್ತಿತ್ತು. ಈ ಅಪ್ಪ ನನ್ನ ಅಪ್ಪ ಅಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ಒಂದು ಗಳಿಗೆ ಅನ್ನಿಸಿದ್ದು ನಿಜ.

ಅಪ್ಪ ಖಡು ಕೆಳಗಿಟ್ಟ. ತಿರುಗಿದಾಗ ಅವನ ಮುಖ ಇಳಿದುಹೋಗಿತ್ತು.

"ಕಾಕಾ, ನನಗ ಕನ್ನಡ ಬರೀಲಾಕ ಬರಂಗಿಲ್ರಿ. ನಾ ಕಲ್ತದ್ದು ಉರ್ದು. ನೀವೆಲ್ಲಾ ಬಂದು ಕೇಳಿದ್ರಿ, ಇಲ್ಲ ಅನ್ಲಾಕ ನಾಚಿಕಿ ಬಂತು" ಎಂದ.

ಕಾಕಾ ತಲೆ ಕೆರೆದುಕೊಂಡು, "ಹಂಗಾರ ಇವಕ್ಕ ಕಲಸೋರು ಯಾರು?" ಎಂದ. ಅಪ್ಪ ಅಡುಗೆಮನೆಯ ಕಡೆ ನೋಡಿ ಕರೆದ, "ಬಾ ಬೇ ಮಗಳಾ. ಖಡು ಹಿಡಿ. ನಿನಗ ಬರ್ತದ."

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹೆಂಗಸರು ಸರಿದು ದಾರಿ ಬಿಟ್ಟರು. ಅಕ್ಕ ಹೊರಗೆ ಬರಲಿಲ್ಲ. ಒಳಗಿನಿಂದಲೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, "ನನಗೂ ಬರಂಗಿಲ್ಲಪ್ಪಾ. ಸಾಲಿ ಬಿಟ್ಟು ಎಷ್ಟು ದಿನ ಆತು. ಎಲ್ಲಾ ಮರ್ತೇನಿ."

ಸುಳ್ಳು. ಅಕ್ಕ ಒಂದಕ್ಷರವನ್ನೂ ಮರೆತಿರಲಿಲ್ಲ, ದಿನಾ ನನ್ನ ಪಾಟಿ ತಿದ್ದುತ್ತಿದ್ದವಳು ಅವಳೇ. ಅದು ಅಪ್ಪನಿಗೂ ಗೊತ್ತಿತ್ತು. ಹುಡುಗರು ನಕ್ಕಾಗಲೂ ಬಗ್ಗದ ಅಪ್ಪನ ತಲೆ ಆಗ ಬಗ್ಗಿತು. ಮತ್ತೆ ಬಡಬಡ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಅವತ್ತಿನ ಸಾಲಿ ಅಲ್ಲಿಗೇ ಮುಗಿಯಿತು. ಹುಡುಗರು ರೊಟ್ಟಿ, ಪುಂಡಿಪಲ್ಯ ಉಂಡು ಮನೆಗೆ ಹೋದರು.

ಮಧ್ಯಾಹ್ನ ನಾನು ಕಂಬದ ಹಿಂದೆ ಮುಖ ಉಬ್ಬಿಸಿಕೊಂಡು ಕೂತಿದ್ದೆ. ಅಪ್ಪ ಅಡುಗೆಮನೆಗೆ ಹೋದ. ಗಂಡಸರು ಊಟದ ಹೊತ್ತು ಬಿಟ್ಟು ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಅಕ್ಕನ ಮುಂದೆ ನೆಲದ ಮೇಲೆ ಕೂತು, "ನನಗ ಕಲಸ್ತೀಯೇನು ಬೇ?" ಎಂದು ಕೇಳಿದ. ಅಕ್ಕ ತಲೆ ಎತ್ತಲಿಲ್ಲ. ಜೋಳದ ಹಿಟ್ಟನ್ನು ಕಲ್ಲಿನ ಮೇಲೆ ಹರವಿ, ಅದರಲ್ಲಿ ಬೆರಳಿನಿಂದ ಒಂದು 'ಅ' ಬರೆದಳು. "ಈ ಕಡಿಂದ ಸುರು ಮಾಡಬೇಕು" ಎಂದು ಎಡಗಡೆ ತೋರಿಸಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅಪ್ಪ ಅದನ್ನು ಒರೆಸಲಿಲ್ಲ, ಹಿಟ್ಟಿನಲ್ಲಿ ಬೆರಳಿಟ್ಟ.

ಮರುದಿನದಿಂದ ಲೆಕ್ಕಕ್ಕೆ ಅಪ್ಪ, ಬರವಣಿಗೆಗೆ ವ್ಯಾಕರಣಕ್ಕೆ ಅಕ್ಕ. ಅಕ್ಕ ಕಲಿಸುವಾಗ ಅಪ್ಪ ಪಾಟಿ ಹಿಡಿದು ನಮ್ಮ ಸಾಲಿನಲ್ಲಿ, ನನ್ನ ಮಗ್ಗುಲಲ್ಲೇ ಕೂರುತ್ತಿದ್ದ. ಅಷ್ಟು ದೊಡ್ಡ ಮೊಣಕಾಲು ಮಡಿಚಲಾರದೆ ಒದ್ದಾಡುತ್ತಿದ್ದ. ತಪ್ಪು ಬರೆದರೆ ಅಕ್ಕ ಎಲ್ಲರಿಗೂ ಹೇಳಿದ ಹಾಗೆ ಅವನಿಗೂ "ಅಳಸು, ಮತ್ತ ಬರಿ" ಎನ್ನುತ್ತಿದ್ದಳು. "ನಿಮ್ಮಪ್ಪ ನಮ್ಮ ಇಯತ್ತಿ ಲೇ" ಎಂದು ಹುಡುಗರು ನನ್ನನ್ನು ಕಾಡಿದ್ದೇ ಕಾಡಿದ್ದು. ನಾನು ದಿನಾ ನಾಚಿಕೆಯಿಂದ ಸಾಯುತ್ತಿದ್ದೆ.

ದೀಪಾವಳಿ ಹೊತ್ತಿಗೆ ಹೊಸ ಮಾಸ್ತರರು ಬಂದರು. ಮಾಳಿಗೆಯೂ ರಿಪೇರಿಯಾಯಿತು. ನಾವೆಲ್ಲ ಪಾಟಿ ಹಿಡಿದು ಸಾಲಿಗೆ ಹೊರಟೆವು. ಅಕ್ಕ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಅಷ್ಟೊತ್ತಿಗೆ ಕನ್ನಡ ಪುಸ್ತಕವನ್ನು ತಾನಾಗಿ ಓದುತ್ತಿದ್ದ ಅಪ್ಪ, ಅವಳನ್ನು ಮತ್ತೆ ಸಾಲಿಗೆ ಕಳಿಸುವ ಮಾತನ್ನು ಮಾತ್ರ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಎರಡು ವರ್ಷಕ್ಕೆ ಅವಳನ್ನು ಅಫಜಲಪುರಕ್ಕೆ ಮದುವೆ ಮಾಡಿ ಕೊಟ್ಟರು.

ಮಕ್ಕಳೇ, ನೀವು ಈಗ ಆಳಂದದಲ್ಲಿ ನಮ್ಮ ಮನೆಯ ಮಹಡಿಯ ಮೇಲೆಯೇ ಕಲಿಯುತ್ತೀರಿ. ನಾಲ್ಕೈದು ಮನೆಯವರು ಸೇರಿ ನಿಮ್ಮ ಸಾಲಿ ನಡೆಸುತ್ತಾರೆ. ಒಬ್ಬ ಅಮ್ಮ ವಿಜ್ಞಾನ, ಇನ್ನೊಬ್ಬರ ಅಪ್ಪ ಇಂಗ್ಲಿಷು. ನೀವು ಕೇಳಿದ್ದು ಅವರಿಗೆ ತಿಳಿಯದಿದ್ದರೆ "ನನಗ ಗೊತ್ತಿಲ್ಲ, ಕೂಡಿ ನೋಡೋಣ" ಎಂದುಬಿಡುತ್ತಾರೆ. ಯಾರ ಮುಖವೂ ಇಳಿಯುವುದಿಲ್ಲ. ಈ ವಾರದಿಂದ ವ್ಯಾಕರಣ, ಬರವಣಿಗೆ, ಲೆಕ್ಕ ನನ್ನ ಪಾಲಿಗೆ ಬಂದಿವೆ. ಚೌಕ ಹಾಕಿ ಭಾಗಾಕಾರ ಮಾಡುವ ನಿಮ್ಮ ಹೊಸ ರೀತಿ ನನ್ನ ತಲೆಗೆ ಹತ್ತಲೇ ಇಲ್ಲ. ಮೊನ್ನೆ ನಿಮ್ಮಲ್ಲಿ ದೊಡ್ಡವಳು "ಮುತ್ಯಾ, ನಿನಗ ಇದು ಬರಂಗಿಲ್ಲೇನು?" ಎಂದು ಎಲ್ಲರೆದುರೇ ಕೇಳಿದಳು. ಇಲ್ಲವ್ವಾ ಎಂದೆ. ಅವಳು ಪೆನ್ಸಿಲು ಹಿಡಿದು ಪಕ್ಕದಲ್ಲಿ ಕೂತು ಕಲಿಸಿಕೊಟ್ಟಳು. ನೀವ್ಯಾರೂ ನಗಲಿಲ್ಲ.

ಈ ಸುದ್ದಿ ಹೇಳೋಣವೆಂದು ಅಕ್ಕನಿಗೆ ಫೋನು ಮಾಡಿದೆ. ಅವಳಿಗೆ ಈಗ ಎಂಬತ್ತರ ಹತ್ತಿರ. ಎಲ್ಲ ಕೇಳಿಸಿಕೊಂಡು, "ಹುಡುಗ್ಯಾರೂ ಕಲೀತಾರೇನು?" ಎಂದಳು. ಹೂಂ ಎಂದೆ. "ಎಲ್ಲೀತನ ಕಲಸ್ತೀರಿ?" ಎಂದಳು.

"ಅವ್ರು ಸಾಕು ಅನ್ನೋತನ, ಅಕ್ಕಾ" ಎಂದೆ. "ನಾ ಸಾಕು ಅಂದಿದ್ದಿಲ್ಲೋ" ಎಂದಳು, ಅಷ್ಟೇ.