ಬೆಳ್ಳಗಾಗಿ ಗೋಡೆ ಏರಿದವರು

ಹುಮನಾಬಾದಿನ ಕಡೆ ಎಂಥ ಕಪ್ಪು ಮನುಷ್ಯನೂ ಸತ್ತ ಮೇಲೆ ಬೆಳ್ಳಗಾಗಿಯೇ ಗೋಡೆ ಏರುತ್ತಾನೆ. ಈ ಪವಾಡ ಮಾಡುತ್ತಿದ್ದವರು ಫೋಟೊ ಸ್ಟುಡಿಯೊದ ಲಾಲ್ ಅಹ್ಮದ್. ಬಸವಕಲ್ಯಾಣದಲ್ಲಿ ಮಾವನ ಕೈಕೆಳಗೆ ಕೆಲಸ ಕಲಿತು, ಹುಮನಾಬಾದಿನಲ್ಲಿ ಸ್ವಂತ ಅಂಗಡಿ ಹಾಕಿದ್ದರು. ಗುರುತಿನ ಚೀಟಿಯ ಚಿತ್ರವೋ, ಮದುವೆಯ ಗುಂಪಿನ ಮೂಲೆಯಲ್ಲಿ ಸಿಕ್ಕ ತಲೆಯೋ, ಏನು ತಂದುಕೊಟ್ಟರೂ ಕಪ್ಪು-ಬಿಳುಪಿನಲ್ಲಿ ದೊಡ್ಡದು ಮಾಡಿ, ಕೆನ್ನೆಯ ಕತ್ತಲನ್ನೆಲ್ಲ ತೊಳೆದು, ತುಟಿಯಂಚನ್ನು ತುಸು ಮೇಲೆತ್ತಿ ಕೊಡುತ್ತಿದ್ದರು. ಸತ್ತವರಂತೂ ತಕರಾರು ಮಾಡುವವರಲ್ಲ; ಮನೆಯವರಿಗೂ ಖುಷಿ.

ಹೋದ ವರ್ಷ ಬೇಮಳಖೇಡದಿಂದ ಸೋನುಬಾಯಿ ಬಂದರು. ಹೊಲದ ಕೂಲಿಯಲ್ಲಿ ಬಾಳು ಸವೆಸಿದ ಬೌದ್ಧರ ಹೆಣ್ಣುಮಗಳು. ಹೊಟ್ಟೆಯಲ್ಲಿ ಗಡ್ಡೆ, ಡಾಕ್ಟರು ಕೈಚೆಲ್ಲಿದ್ದರು. ತಾವು ಹೋದ ಮೇಲೆ ಗೋಡೆಗೆ ಹಾಕುವ ಫೋಟೊ ತಾವೇ ತೆಗೆಸಿಕೊಳ್ಳಬೇಕೆಂದು ಬಂದಿದ್ದರು. ಲಾಲ್ ಅಹ್ಮದ್ ರೂಢಿಯಂತೆ ಪೌಡರ್ ಡಬ್ಬಿ ಮುಂದಿಟ್ಟು ಎರಡೂ ದೀಪ ಹಾಕಿದರು. ಸೋನುಬಾಯಿ ಡಬ್ಬಿ ಪಕ್ಕಕ್ಕೆ ಸರಿಸಿದರು.

"ನಮ್ಮ ಮನೆಯವ್ರು ತೀರಿಕೊಂಡಾಗ ಫೋಟೊ ಮಾಡಿಕೊಟ್ಟವ್ರು ನೀವೇ, ಸಾಹೇಬ್ರ. ಬೆಳ್ಳಗ ಮಾಡಿದ್ರಿ, ನಗಿಸಿದ್ರಿ. ದಿನಾ ಅದನ್ನ ನೋಡಿ ನೋಡಿ ಅವರ ಖರೇ ಮಾರಿ ಮರ್ತೇಬಿಟ್ಟೆ. ಈಗ ಕಣ್ಣು ಮುಚ್ಚಿದ್ರ ಬ್ಯಾರೆ ಯಾರೋ ಬರ್ತಾರ. ನನಗ ಹಂಗ ಮಾಡಬ್ಯಾಡ್ರಿ."

ಲಾಲ್ ಅಹ್ಮದರಿಗೆ ಕಪಾಳಕ್ಕೆ ಹೊಡೆದಂತಾಯಿತು. ಎಷ್ಟು ಯೋಚಿಸಿದರೂ ಆ ಗಂಡನ ಮುಖ ಅವರಿಗೂ ನೆನಪಾಗಲಿಲ್ಲ. ದೀಪ ಆರಿಸಿ, ಹಿಂದೆ ಕರಿ ಬಟ್ಟೆ ಕಟ್ಟಿ, ಪಕ್ಕದ ಬಾಗಿಲನ್ನು ಅರ್ಧ ತೆರೆದರು. ಒಂದು ಕೆನ್ನೆಯ ಸುಕ್ಕುಗಳ ಮೇಲೆ ಬೆಳಕು ಬಿತ್ತು. ಇನ್ನೊಂದು ಕೆನ್ನೆಯನ್ನು ಕತ್ತಲಿಗೇ ಬಿಟ್ಟರು. ನಗಿರಿ ಎನ್ನಲಿಲ್ಲ. ಹೊಟ್ಟೆಯ ನೋವು ಮುಖದ ಮೇಲೆ ಬಂದಿತು, ಹೋಯಿತು. ಅದರ ಹಿಂದೆಯೇ ಸಾವಿನ ಭಯ ಕಣ್ಣಿಗೆ ಇಳಿಯಿತು. ಸೋನುಬಾಯಿ ಅದನ್ನು ಬಚ್ಚಿಡಲು ಹೋಗಲಿಲ್ಲ. ಆಗ ಲಾಲ್ ಅಹ್ಮದ್ ಕ್ಯಾಮೆರಾದ ಗುಂಡಿ ಒತ್ತಿದರು. ಏನನ್ನೂ ತಿದ್ದುವುದಿಲ್ಲವೆಂದು ಮಾತು ಕೊಟ್ಟರು.

ಮಳೆಗಾಲ ಮುಗಿಯುವ ಮುಂಚೆ ಸೋನುಬಾಯಿ ತೀರಿಕೊಂಡರು. ಫೋಟೊ ಒಯ್ಯಲು ಮಗ ಜ್ಞಾನೇಶ್ವರ ಬಂದ. ಅದನ್ನು ನೋಡುತ್ತಲೇ ಅವನ ಮುಖ ಸಣ್ಣದಾಯಿತು. ತೊಟ್ಟಿಲಲ್ಲಿದ್ದಾಗಲೇ ತಂದೆಯನ್ನು ಕಳೆದುಕೊಂಡವನು. ಗೋಡೆಯ ಮೇಲಿನ ಆ ಬಿಳಿ ನಗುವೇ ಅವನ ಪಾಲಿಗೆ ತಂದೆ. ಅವ್ವನನ್ನೂ ಹಾಗೆಯೇ ಬೆಳ್ಳಗೆ ಮಾಡಿ, ತುಸು ನಗಿಸಿಕೊಡಿ, ಇಬ್ಬರೂ ಜೋಡಿಯಾಗಿ ಕಾಣಬೇಕು ಎಂದು ಬೇಡಿಕೊಂಡ.

ಕಂಪ್ಯೂಟರಿನಲ್ಲಿ ಅದೇನು ದೊಡ್ಡ ಕೆಲಸವಲ್ಲ. ಬೇಡವೆನ್ನುವುದಕ್ಕೆ ಏನಾದರೊಂದು ನೆಪವನ್ನಾದರೂ ಹೇಳಬಹುದಿತ್ತು. ಆದರೆ ಸತ್ತವಳಿಗೆ ಕೊಟ್ಟ ಮಾತಿನ ಮುಂದೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನಿಮ್ಮಪ್ಪ ಹಂಗ ಇರಲಿಲ್ಲ, ಬೇಟಾ. ಆ ಬಿಳುಪು, ಆ ನಗಿ ಎಲ್ಲಾ ನಂದು," ಎಂದುಬಿಟ್ಟರು.

ಜ್ಞಾನೇಶ್ವರ ಅವ್ವನ ಫೋಟೊವನ್ನು ಮೇಜಿನ ಮೇಲಿಟ್ಟ. "ಹಂಗಾದ್ರ ನಾ ದಿನಾ ಕೈ ಮುಗಿದಿದ್ದು ಯಾರಿಗ್ರಿ, ಚಾಚಾ?"

ಅಪ್ಪನ ಮೂಲ ಚಿತ್ರವನ್ನಾದರೂ ಕೊಡಿ ಎಂದ. ಇದ್ದದ್ದು ಅದೊಂದೇ ಚಿತ್ರ. ದೊಡ್ಡದು ಮಾಡುವ ಮುಂಚೆ ಲಾಲ್ ಅಹ್ಮದ್ ಅದರ ಮೇಲೆಯೇ ಬಣ್ಣ ಬಳಿದು ತಿದ್ದಿದ್ದರು. ಹುಡುಗ ಅವ್ವನ ಫೋಟೊವನ್ನು ಇದ್ದ ಹಾಗೆಯೇ ಟವೆಲಿನಲ್ಲಿ ಸುತ್ತಿಕೊಂಡು ಊರ ಕಡೆಗೆ ಹೋಗುವ ಚಿಟಗುಪ್ಪದ ಬಸ್ಸು ಹತ್ತಿದ.

ಕೆಲವು ದಿನಗಳ ಮೇಲೆ ಅವನ ಹೆಂಡತಿ ಸ್ನೇಹಲ ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಸಿಕೊಳ್ಳಲು ಬಂದಳು. ಅತ್ತೆಯ ಫೋಟೊ ಹಾಕಿದಿರಾ ಎಂದು ಲಾಲ್ ಅಹ್ಮದ್ ಅಂಜುತ್ತಲೇ ಕೇಳಿದರು.

"ಹಾಕೇವ್ರಿ. ಆದ್ರ ಮಾವನ ಫೋಟೊ ನಮ್ಮ ಮನೆಯವ್ರು ಇಳಿಸಿಬಿಟ್ಟಾರ. ಒಗಿಲಿಕ್ಕೂ ಮನಸ್ಸಿಲ್ಲ, ನೋಡಲಿಕ್ಕೂ ಆಗವಲ್ದು ಅವರಿಗೆ. ಕಪಾಟಿನ ಹಿಂದ ಮಾರಿ ತಿರುಗಿಸಿ ಇಟ್ಟಾರ."

ಲಾಲ್ ಅಹ್ಮದ್ ಕ್ಯಾಮೆರಾ ಕೆಳಗಿಟ್ಟರು. ಸೋನುಬಾಯಿಗೆ ಕೊಟ್ಟ ಮಾತು ಉಳಿದಿತ್ತು. ಆದರೆ ಆಕೆಯ ಮಗನಿಗೆ ಇದ್ದೊಬ್ಬ ಅಪ್ಪ ಇಲ್ಲವಾಗಿದ್ದ.