ಕರೆದರೆ ಬರುವ ಮಂದಿ

ಬೀದರಿನ ಕೃಷಿ ಪ್ರಯೋಗಾಲಯದಲ್ಲಿ ಶೇವಂತಾಬಾಯಿ ಹತ್ತೊಂಬತ್ತು ವರ್ಷ ಗಾಜಿನ ಬಾಟಲಿ ತೊಳೆದವರು. ಅವುಗಳಲ್ಲಿ ಬೆಳೆಯುವ ಸೂಕ್ಷ್ಮಾಣುಗಳನ್ನು ‘ನಮ್ಮ ಮಂದಿ’ ಎನ್ನುತ್ತಿದ್ದರು. ತೊಗರಿಯ ಬೇರಿನಲ್ಲಿ ಗಂಟು ಕಟ್ಟಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಮಂದಿ.

ಎರಡು ವರ್ಷದ ಬರಕ್ಕೆ ಅವರ ತಮ್ಮ ಪಂಢರಿ ತವರೂರು ಡಾಬಕಾ ಬಿಟ್ಟು ಪುಣೆಯ ಕಟ್ಟಡ ಕೆಲಸಕ್ಕೆ ಹೋಗಿದ್ದ. 2016ರ ಮುಂಗಾರಿಗೆ ಶೇವಂತಾಬಾಯಿ ಅವನಿಗೆ ಫೋನು ಮಾಡಿದರು.

“ನಿನ್ನ ಹೊಲದಾಗ ನಾ ತೊಗರಿ ಬಿತ್ತತೇನಿ. ಊರಿಗಿ ಬರ್ತಿಯೇನು?”

“ಗಣೇಶ ಚವತಿಗಿ ಬಂದು ನೋಡ್ತೇನಿ ಅಕ್ಕಾ. ಬೆಳಿ ಚಂದ ಇದ್ರ ನಿಲ್ತೇನಿ. ಇಲ್ಲಂದ್ರ ಹೊಲ ಪಾಲಿಗಿ ಕೊಟ್ಟು ಪುಣೇದಾಗೇ ಉಳೀತೇನಿ.”

ಬೆಲ್ಲದ ನೀರಿನಲ್ಲಿ ಸೂಕ್ಷ್ಮಾಣುವಿನ ಪುಡಿ ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ ಬಿತ್ತಿದರು. ತವರಿನ ಹೊಲವೆಂಬ ಅಕ್ಕರೆಗೆ ಮೇಲೊಂದು ಚೀಲ ಯೂರಿಯಾವನ್ನೂ ಚೆಲ್ಲಿದರು. ಕೊನೆಯ ನಾಲ್ಕು ಸಾಲಿಗೆ ಅದು ಸಾಲಲಿಲ್ಲ.

ನಲವತ್ತು ದಿನಕ್ಕೆ ಗಿಡ ಕಿತ್ತು ನೋಡಿದರೆ ಬೇರು ಬೋಳು. ಹಸಿ ಬಟ್ಟೆಯಲ್ಲಿ ಸುತ್ತಿ ವಿಜ್ಞಾನಿ ಮುರ್ತುಜಾ ಅವರ ಮುಂದಿಟ್ಟರು.

“ಸಾಹೇಬ್ರ, ನಮ್ಮ ಮಂದಿ ಸತ್ರೇನ್ರಿ?”

“ಯೂರಿಯಾ ಹಾಕೀರೇನು?”

“ಒಂದಽ ಚೀಲ್ರಿ.”

“ಇಷ್ಟು ವರ್ಷ ಇಲ್ಲೇ ಇದ್ದು ಹಿಂಗ ಮಾಡೋದೇನು ಬಾಯಿ!” ಮುರ್ತುಜಾ ನಕ್ಕುಬಿಟ್ಟರು. ಹಸಿದ ಬೇರು ಮಣ್ಣಿಗೆ ಒಂದು ರಸ ಬಿಡುತ್ತದೆ, ಸೂಕ್ಷ್ಮಾಣುವಿನೊಳಗಿನ ಒಂದು ಪ್ರೋಟೀನು ಅದನ್ನು ಗುರುತಿಸಿದರೆ ಮಾತ್ರ ಗಂಟು ಕಟ್ಟುವ ಕೆಲಸ ಶುರುವಾಗುತ್ತದೆ, ಹೊಟ್ಟೆ ತುಂಬಿದ ಬೇರು ಯಾರನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ತಿಳಿಸಿ ಹೇಳಿದರು.

“ಕರೀಲಾರದ ಬರಂಗಿಲ್ಲನ್ರಿ. ಥೇಟ ನಮ್ಮ ಅಳಿಯ!”

“ಹಾಂ. ಹಾಕಿದ ಯೂರಿಯಾ ತೀರಲಿ, ತಾನೇ ಕರೀತದ. ಮತ್ತ ಮಾತ್ರ ಹಾಕಬ್ಯಾಡ್ರಿ.”

ಮುಂದಿನ ಭಾನುವಾರಗಳಲ್ಲಿ ಡಾಬಕಾಕ್ಕೆ ಹೋಗಲು ಔರಾದ ಬಸ್ಸು ಹತ್ತುವುದು ತಪ್ಪಲಿಲ್ಲ. ಯೂರಿಯಾ ಸಾಲದೆ ಉಳಿದ ನಾಲ್ಕು ಸಾಲಿನ ಬೇರಲ್ಲಿ ಗಂಟು ತುಂಬಿತ್ತು, ಎಲೆ ಹಚ್ಚಗಿತ್ತು. ಉಳಿದ ಹೊಲದಲ್ಲಿ ಯೂರಿಯಾ ತೀರುತ್ತ ಬಂದು ಎಲೆ ಬಿಳಿಚಿಕೊಳ್ಳತೊಡಗಿತು. ಪಕ್ಕದ ಹೊಲದ ಮಡೆಪ್ಪ ಬದುವಿನ ಮೇಲಿಂದಲೇ ಕೂಗಿದ.

“ಇನ್ನೊಂದು ಚೀಲ ಚೆಲ್ಲಕ್ಕಾ! ತಮ್ಮ ಬಂದು ಈ ಹಳದಿ ಎಲಿ ನೋಡಬೇಕೇನು?”

ಶೇವಂತಾಬಾಯಿಗೂ ಕೈ ತುರಿಸಿತು. ಆದರೂ ಚೆಲ್ಲಲಿಲ್ಲ.

ಚವತಿಯ ಹಿಂದಿನ ದಿನ ಪಂಢರಿ ಹೆಗಲ ಚೀಲ ಇಳಿಸದೆಯೇ ಹೊಲಕ್ಕೆ ಬಂದ.

“ಏನಕ್ಕಾ, ಬೆಳಿ ಇಷ್ಟು ಸೊರಗ್ಯಾದ?”

ಅಕ್ಕ ನಡುಹೊಲದ ಒಂದು ಗಿಡ ಕಿತ್ತರು. ಬೇರಿನಲ್ಲಿ ಸಾಸಿವೆಯಷ್ಟು ಹೊಸ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರು. ಒಳಗೆ ನಸುಗೆಂಪು.

“ಕೆಂಪದ ಅಂದ್ರ ಕೆಲಸಕ್ಕ ಹತ್ಯಾವ. ನನ್ನ ತಪ್ಪಿಗಿ ತಡ ಆಯ್ತು. ಹದಿನೈದು ದಿನ ತಡಕೋ, ಆಮ್ಯಾಲ ಬಣ್ಣ ನೋಡು.”

ಪಂಢರಿ ಹಚ್ಚಗೆ ನಿಂತ ಆ ನಾಲ್ಕು ಸಾಲುಗಳ ತನಕ ನಡೆದುಹೋಗಿ, ಕುಕ್ಕರಗಾಲಲ್ಲಿ ಕೂತು ಒಂದು ಗಿಡದ ಬುಡ ಕೆದರಿ ನೋಡಿ ತಿರುಗಿ ಬಂದ. ಚೀಲವನ್ನು ಬದುವಿನ ಮೇಲಿಟ್ಟ.

“ಕಸ ಬಾಳ ಬೆಳದದ. ಕೀಳಾಕ ಕುರ್ಪಿ ಎಲ್ಲಿಟ್ಟಿ ಅಕ್ಕಾ?”